ಗೃಹಸ್ಥನ ಏಕಾಂತಾಭ್ಯಾಸ

ಸಂನ್ಯಾಸಿಗೆ ಮಠವುಂಟು, ಗುರುವುಂಟು, ಬೆಳಗಿನ ಜಾವದಿಂದ ರಾತ್ರಿಯವರೆಗೆ ಇಂತಿಂಥ ಹೊತ್ತಿಗೆ ಇಂತಿಂಥ ಕೆಲಸವೆಂಬ ಕಟ್ಟುಪಾಡುಂಟು. ಗೃಹಸ್ಥನಿಗೆ ಇವು ಮೂರೂ ಇಲ್ಲ. ಹಾಲು ಬಂದಿತೆ, ಮಕ್ಕಳು ಶಾಲೆಗೆ ಹೊರಟರೆ, ಕಚೇರಿಗೆ ಹೊತ್ತಾಯಿತೆ ಎಂಬ ಯೋಚನೆಯಲ್ಲಿಯೇ ಅವನ ಬೆಳಗು ಸರಿದುಹೋಗುವುದು. ಆದರೂ ನಮ್ಮಲ್ಲಿ ಧರ್ಮಾಭ್ಯಾಸ ಮಾಡುವ ಗೃಹಸ್ಥರು ಕಡಮೆಯಲ್ಲ. ಅವರನ್ನು ನಡಸಿಕೊಂಡು ಹೋಗುವುದು ಬಹುಮಟ್ಟಿಗೆ ಕುಲಾಚಾರ. ತಂದೆ ಮಾಡಿದುದನ್ನು ಮಗ ಮಾಡುತ್ತಾನೆ. ಅತ್ತೆ ಹಿಡಿದ ವ್ರತವನ್ನು ಸೊಸೆ ಹಿಡಿಯುತ್ತಾಳೆ. ಏಕಾದಶಿ ಎಂದೆಂಬುದನ್ನು ಪಂಚಾಂಗ ಹೇಳುತ್ತದೆ.

ಬೆಂಗಳೂರಿನ ದಕ್ಷಿಣ ಭಾಗವನ್ನು, ಎಂದರೆ ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆ ಇವುಗಳನ್ನು, ಒಂದು ಸಂಜೆ ಸುತ್ತಿಬಂದವರಿಗೆ ಇಂಥ ಆಚಾರಕ್ಕೆ ಎಷ್ಟು ಆಶ್ರಯವಿದೆಯೆಂಬುದು ತಾನಾಗಿ ಕಾಣುವುದು. ಒಂದು ಬೀದಿಯಲ್ಲಿ ರಾಯರ ಮಠ, ಇನ್ನೊಂದರಲ್ಲಿ ಗಣಪತಿಯ ಗುಡಿ, ಮತ್ತೊಂದರಲ್ಲಿ ಭಜನೆಯ ಮಂಡಲಿ. ಆದರೆ ಇದೇ ಬಡಾವಣೆಯಲ್ಲಿರುವ ಒಬ್ಬನಿಗೆ ಬುದ್ಧನ ಮಾರ್ಗದಲ್ಲಿ ಮನಸ್ಸು ನಾಟಿತೆನ್ನೋಣ. ಅವನಿಗೆ ಬೀದಿಯ ತಿರುವಿನಲ್ಲಿ ವಿಹಾರ ಸಿಕ್ಕುವುದಿಲ್ಲ. ಮನೆಯಲ್ಲಿ ಹಿರಿಯರು ಹೇಳಿಕೊಟ್ಟ ಪಾಠವಿಲ್ಲ. ಬಹಳ ಮನೆಗಳಲ್ಲಿ ಆ ದಾರಿ ಹಿಡಿದವನು ಅವನೊಬ್ಬನೇ. ಹೆಂಡತಿ ಮಕ್ಕಳು ತಮ್ಮ ಪದ್ಧತಿಯಲ್ಲಿರುವರು. ಇಂಥವನು ಒಂಟಿಯಾಗಿ, ಮನೆಯಲ್ಲಿಯೇ ಇದ್ದು, ಕ್ರಮವಾಗಿ ಓದಿ ಅಭ್ಯಾಸಮಾಡುವುದು ಸಾಧ್ಯವೆ? ಸಾಧ್ಯವಾದರೆ ಹೇಗೆ? ಎಷ್ಟು ದೂರ? ಈ ಪ್ರಶ್ನೆ ಸಣ್ಣದಲ್ಲ. ಏಕೆಂದರೆ ಇದನ್ನು ತಪ್ಪಾಗಿ ಬಿಡಿಸಿಕೊಂಡವರು ಮನೆಯನ್ನೂ ಕೆಡಿಸಿಕೊಳ್ಳಬಹುದು, ಮನಸ್ಸನ್ನೂ ಕೆಡಿಸಿಕೊಳ್ಳಬಹುದು.

ಇದು ಹೊಸ ಪ್ರಶ್ನೆಯೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ನಾಡಿನಲ್ಲಿ ದೊರೆತಿರುವ ಅತ್ಯಂತ ಪ್ರಾಚೀನ ಬರಹಗಳಲ್ಲಿಯೇ ಒಬ್ಬ ಬೌದ್ಧ ಗೃಹಸ್ಥನು ತನ್ನ ಅಭ್ಯಾಸದ ಲೆಕ್ಕವನ್ನು ಒಪ್ಪಿಸಿದ್ದಾನೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಬಂಡೆಗಳ ಮೇಲೆ ಕೆತ್ತಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಸಾಹೇಬರು ಕಂಡುಹಿಡಿದರು. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮಸಮಾಚಾರವನ್ನು ಕೇಳಿ ಬರೆಯಿಸಿದ ಒಕ್ಕಣೆ ಅದು. ಅದರಲ್ಲಿ ಚಕ್ರವರ್ತಿಯು ಹೇಳಿಕೊಂಡಿರುವ ಮಾತಿನ ತಾತ್ಪರ್ಯವಿಷ್ಟು: ತಾನು ಉಪಾಸಕನಾಗಿ ಎರಡೂವರೆ ವರ್ಷಗಳಾದುವು, ಅವುಗಳಲ್ಲಿ ಒಂದು ವರ್ಷ ತಾನು ಹೆಚ್ಚಾಗಿ ಪ್ರಯತ್ನಪಡಲಿಲ್ಲ, ಸಂಘದ ಬಳಿಗೆ ಹೋದ ಮೇಲೆ ಒಂದು ವರ್ಷಕ್ಕೂ ಹೆಚ್ಚುಕಾಲ ಚೆನ್ನಾಗಿ ಪ್ರಯತ್ನಿಸಿದ್ದಾನೆ. ಈ ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ದೊರೆಯತಕ್ಕದ್ದೆಂದು ಅವನು ಒತ್ತಿ ಹೇಳಿದ್ದಾನೆ.

ರಾಜಾಧಿರಾಜನೊಬ್ಬನು ತಾನು ಒಂದು ವರ್ಷ ಸೋಮಾರಿಯಾಗಿದ್ದೆನೆಂದು ಬಂಡೆಯ ಮೇಲೆ ಕೆತ್ತಿಸಿದ ಉದಾಹರಣೆ ಲೋಕದಲ್ಲಿ ಇನ್ನೆಷ್ಟಿದ್ದೀತು! ಉಪಾಸಕನೆಂದರೆ ಬಿಳಿಯ ಬಟ್ಟೆಯನ್ನುಟ್ಟು ಮನೆಯಲ್ಲಿಯೇ ಇದ್ದು ಬುದ್ಧ, ಧಮ್ಮ, ಸಂಘಗಳಿಗೆ ಶರಣುಹೋದವನು, ಹೆಂಗಸಾದರೆ ಉಪಾಸಿಕೆ. ಅಶೋಕನ ಅನುಭವವು ಇಂದಿನ ಉಪಾಸಕನ ಅನುಭವವೂ ಹೌದು. ಮೊದಲ ವರ್ಷ ಪುಸ್ತಕ ಕೊಳ್ಳುವುದರಲ್ಲಿ ಕಳೆಯುತ್ತದೆ.

ಅದೇ ಅಶೋಕನು ರಾಜಸ್ಥಾನದ ಬೈರಾಟ್ ಎಂಬಲ್ಲಿ ಇನ್ನೊಂದು ಶಾಸನವನ್ನು ಬರೆಯಿಸಿದನು. 1840ರಲ್ಲಿ ಸಿಕ್ಕಿದ ಆ ಕಲ್ಲು ಈಗ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿದೆ. ಅದರಲ್ಲಿ ಏಳು ಧರ್ಮಗ್ರಂಥಭಾಗಗಳನ್ನು ಹೆಸರಿಟ್ಟು ಹೇಳಿ, ಭಿಕ್ಷು ಭಿಕ್ಷುಣಿಯರು ಇವುಗಳನ್ನು ಆಗಾಗ ಕೇಳಿ ಮನನಮಾಡಲಿ, ಉಪಾಸಕ ಉಪಾಸಿಕೆಯರೂ ಹಾಗೆಯೇ ಮಾಡಲಿ ಎಂದು ಅರಸನು ಬಯಸಿದ್ದಾನೆ. ಗೃಹಸ್ಥರ ಅಧ್ಯಯನಕ್ಕೆಂದು ಇಷ್ಟು ಪ್ರಾಚೀನವಾದ ಪಾಠಪಟ್ಟಿ ಮತ್ತೊಂದನ್ನು ನಾನು ಕಾಣೆ. ಏಳರಲ್ಲಿ ಕೆಲವು ಈಗಿನ ಯಾವ ಸುತ್ತಗಳೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ಸುಳ್ಳಾಡುವುದನ್ನು ಕುರಿತು ರಾಹುಲನಿಗೆ ಬುದ್ಧನು ಮಾಡಿದ ಉಪದೇಶವೆಂದು ಶಾಸನವೇ ಹೇಳುವುದರಿಂದ ಅದೊಂದು ನಿಸ್ಸಂದೇಹ. ಮಜ್ಝಿಮನಿಕಾಯದ 61ನೆಯ ಸುತ್ತವೇ ಅದು.

ತಂದೆ ಮಗನಿಗೆ ಹೇಳಿದ ಬುದ್ಧಿಮಾತಾದುದರಿಂದ ಇದು ಸಂಸಾರಿಗಳು ಮೊದಲು ಓದತಕ್ಕ ಪಾಠವೆಂದು ನನ್ನ ಅಭಿಪ್ರಾಯ. ಬುದ್ಧನು ಕಾಲು ತೊಳೆದುಕೊಂಡು ಪಾತ್ರೆಯಲ್ಲಿ ಸ್ವಲ್ಪ ನೀರನ್ನು ಉಳಿಸುತ್ತಾನೆ, ಅದನ್ನು ಚೆಲ್ಲುತ್ತಾನೆ, ಪಾತ್ರೆಯನ್ನು ಬೋರಲು ಹಾಕುತ್ತಾನೆ, ಮತ್ತೆ ಎತ್ತಿ ಬರಿದಾದುದನ್ನು ತೋರಿಸುತ್ತಾನೆ. ತಿಳಿದೂ ತಿಳಿದೂ ಸುಳ್ಳಾಡಲು ನಾಚದವನ ಸಾಧನೆ ಹೀಗೆಂದು ಹುಡುಗನಿಗೆ ಮನಗಾಣಿಸುತ್ತಾನೆ. ಆಮೇಲೆ ಕನ್ನಡಿಯ ಮಾತು ಬರುತ್ತದೆ. ಕನ್ನಡಿಯಿರುವುದು ನೋಡಿಕೊಳ್ಳುವುದಕ್ಕಲ್ಲವೆ? ಹಾಗೆಯೇ ಮೈಯಿಂದಾಗಲಿ ಮಾತಿನಿಂದಾಗಲಿ ಮನಸ್ಸಿನಿಂದಾಗಲಿ ಒಂದು ಕೆಲಸವನ್ನು ಮಾಡುವ ಮುಂಚೆ ನೋಡಿಕೊಳ್ಳಬೇಕು, ಮಾಡುತ್ತಿರುವಾಗ ನೋಡಿಕೊಳ್ಳಬೇಕು, ಮಾಡಿಯಾದ ಮೇಲೂ ನೋಡಿಕೊಳ್ಳಬೇಕು. ಅದರಿಂದ ತನಗೆ ಕೇಡೆ, ಪರರಿಗೆ ಕೇಡೆ, ಇಬ್ಬರಿಗೂ ಕೇಡೆ? ಈ ಪರೀಕ್ಷೆಗೆ ಪದ್ಮಾಸನವೂ ಬೇಡ, ಬಾಗಿಲು ಮುಚ್ಚಿದ ಕೋಣೆಯೂ ಬೇಡ. ಗುಮಾಸ್ತೆ ಕಚೇರಿಯಲ್ಲಿ ಮಾಡಬಹುದು, ವ್ಯಾಪಾರಿ ಗಲ್ಲದ ಮುಂದೆ ಕುಳಿತು ಮಾಡಬಹುದು.

ಅಶೋಕನ ಪಟ್ಟಿಯಲ್ಲಿ ಮುನಿಗಾಥೆ ಎಂಬುದೊಂದಿದೆ. ಅದು ಸುತ್ತನಿಪಾತದ ಮುನಿಸುತ್ತವೆಂದು ಅನೇಕರು ಒಪ್ಪಿರುವರು. ಒಂಟಿಯಾಗಿ ಸಂಚರಿಸುವ ಮುನಿಯ ಪ್ರಶಂಸೆಯೇ ಅದರ ವಿಷಯ. ಕೊನೆಯಲ್ಲಿ ನವಿಲು ಹಂಸಗಳ ಹೋಲಿಕೆಯನ್ನು ತಂದು, ಗೃಹಸ್ಥನು ಎಷ್ಟಾದರೂ ಕಾಡಿನಲ್ಲಿ ಧ್ಯಾನಿಸುವ ಮುನಿಗೆ ಸಮನಾಗಲಾರನೆಂದು ಹೇಳಿಬಿಟ್ಟಿದೆ. ಅಂಥ ಗ್ರಂಥವನ್ನೇ ಗೃಹಸ್ಥರೂ ಓದಲೆಂದು ಒಬ್ಬ ಗೃಹಸ್ಥನು ಶಿಫಾರಸು ಮಾಡಿರುವುದು ಸ್ವಾರಸ್ಯವಲ್ಲವೆ? ತಾನು ಎಲ್ಲಿ ನಿಂತಿದ್ದೇನೆಂಬುದನ್ನು ಮರೆಯದೆ ಮೇಲಕ್ಕೆ ನೋಡಬೇಕೆಂಬುದು ಅವನ ಆಶಯವಾಗಿದ್ದಿತೆಂದು ತೋರುತ್ತದೆ.

ಹಾಗಾದರೆ ಗಹನವಾದ ಉಪದೇಶ ಗೃಹಸ್ಥನಿಗೆ ಸಲ್ಲದೆ? ದಾನ ಮಾಡು, ಶೀಲದಿಂದಿರು, ಸ್ವರ್ಗಕ್ಕೆ ಹೋಗು, ಇಷ್ಟೇ ಅವನ ಪಾಲೆ? ಈ ವಿವಾದಕ್ಕೆ ಪಾಲಿ ಗ್ರಂಥಗಳಲ್ಲಿ ಒಂದು ಮನಸ್ಸು ಕರಗಿಸುವ ಪ್ರಸಂಗವಿದೆ. ಶ್ರಾವಸ್ತಿಯ ಶ್ರೇಷ್ಠಿ ಅನಾಥಪಿಂಡಿಕನು ಜೇತವನವನ್ನು ಕೊಂಡು ಸಂಘಕ್ಕೆ ಒಪ್ಪಿಸಿದ ಮಹಾದಾನಿ. ಅವನು ಮರಣಶಯ್ಯೆಯಲ್ಲಿದ್ದಾಗ ಸಾರಿಪುತ್ತನೂ ಆನಂದನೂ ನೋಡಲು ಬಂದರು. ಕಣ್ಣಿಗಾಗಲಿ ಕಿವಿಗಾಗಲಿ ಮನಸ್ಸಿಗಾಗಲಿ, ಈ ಲೋಕಕ್ಕಾಗಲಿ ಪರಲೋಕಕ್ಕಾಗಲಿ ಅಂಟಿಕೊಳ್ಳದಂತೆ ಅಭ್ಯಾಸ ಮಾಡಬೇಕೆಂದು ಸಾರಿಪುತ್ತನು ವಿಸ್ತಾರವಾಗಿ ಬೋಧಿಸಿದನು. ಮುದುಕನು ಅತ್ತುಬಿಟ್ಟನು. ಎದೆಗುಂದಿತೆ ಎಂದು ಆನಂದನು ಕೇಳಿದಾಗ, ಹಾಗಲ್ಲ, ಇಷ್ಟು ಕಾಲ ಬುದ್ಧನನ್ನೂ ಭಿಕ್ಷುಗಳನ್ನೂ ಸೇವಿಸಿದೆ, ಇಂಥ ಮಾತನ್ನು ಈ ಮೊದಲು ಕೇಳಿರಲಿಲ್ಲ ಎಂದನು. ಬಿಳಿಯ ಬಟ್ಟೆಯವರಿಗೆ ಇಂಥದನ್ನು ಹೇಳುವ ವಾಡಿಕೆಯಿಲ್ಲವೆಂದು ಉತ್ತರ ಬಂದಿತು. ಆಗ ಅವನು ಬೇಡಿಕೊಂಡದ್ದು ಇದು: ಗೃಹಸ್ಥರಿಗೂ ಇದನ್ನು ಹೇಳುವಂತಾಗಲಿ, ಕಣ್ಣಿನಲ್ಲಿ ಧೂಳು ಕಡಮೆಯಿರುವವರು ಅವರಲ್ಲಿಯೂ ಉಂಟು, ಕೇಳದೆ ಅವರು ಕೆಡುತ್ತಾರೆ. ಆ ರಾತ್ರಿಯೇ ಅವನು ತೀರಿಕೊಂಡನೆಂದು ಮಜ್ಝಿಮನಿಕಾಯದ 143ನೆಯ ಸುತ್ತ ಹೇಳುತ್ತದೆ.

ಇದೇ ಶ್ರೇಷ್ಠಿಗೆ ಬುದ್ಧನು ಮೊದಲೇ ಒಂದು ಸೂಚನೆಯನ್ನು ಕೊಟ್ಟಿದ್ದನು. ಅನ್ನ, ವಸ್ತ್ರ, ಔಷಧಗಳನ್ನು ಕೊಟ್ಟೆವೆಂಬಷ್ಟಕ್ಕೆ ತೃಪ್ತರಾಗಬಾರದು. ಆಗಾಗ ಏಕಾಂತದಿಂದ ಹುಟ್ಟುವ ಪ್ರೀತಿಯಲ್ಲಿಯೂ ನೆಲಸಬೇಕು ಎಂದು. ಗೃಹಸ್ಥನಿಗೆ ಏಕಾಂತವು ಸಲ್ಲುತ್ತದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಾಗಿಲ್ಲ. ಪಾಂಡಿತ್ಯವೂ ಅವನಿಗೆ ಮೀರಿದ್ದೇನಲ್ಲ. ಮಚ್ಛಿಕಾಸಂಡದ ಚಿತ್ತನೆಂಬ ಗೃಹಪತಿ ಭಿಕ್ಷುಗಳಿಗೇ ಅರ್ಥ ಬಿಡಿಸಿ ಹೇಳುತ್ತಿದ್ದನು. ಕೌಶಾಂಬಿಯ ಅರಮನೆಯ ದಾಸಿ ಖುಜ್ಜುತ್ತರೆ ಬುದ್ಧನ ಉಪದೇಶಗಳನ್ನು ಕೇಳಿ ಬಂದು ರಾಣಿವಾಸಕ್ಕೆ ಅಕ್ಷರಶಃ ಒಪ್ಪಿಸುತ್ತಿದ್ದಳು. ಇತಿವುತ್ತಕವೆಂಬ ಗ್ರಂಥವು ಅವಳ ನೆನಪಿನಿಂದ ಉಳಿದದ್ದೆಂದು ಪರಂಪರೆ.

ಇನ್ನು ನಮ್ಮ ಊರಿನ ಮಾತಿಗೆ ಬರೋಣ. ಬುದ್ಧ ಪರಿನಿರ್ವಾಣದ 2500ನೆಯ ವರ್ಷವನ್ನು ದೇಶವು ಆಚರಿಸಿದ 1956ರಲ್ಲಿಯೇ, ಇಂಫಾಲದಲ್ಲಿ 1922ರಲ್ಲಿ ಹುಟ್ಟಿದ ಆಚಾರ್ಯ ಬುದ್ಧರಕ್ಖಿತ ಥೇರರು ಬೆಂಗಳೂರಿನ ಗಾಂಧಿನಗರದಲ್ಲಿ ಮಹಾಬೋಧಿ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷದ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾಕ್ಟರ್ ಅಂಬೇಡ್ಕರರು ಲಕ್ಷಾಂತರ ಜನರೊಡನೆ ದೀಕ್ಷೆ ಪಡೆದರು. ಆ ಜನರೆಲ್ಲ ಗೃಹಸ್ಥರು, ಅವರಿಗೆ ಕೈಪುಸ್ತಕವಾಗಲೆಂದು ಅವರು ಬರೆದ ಬುದ್ಧ ಮತ್ತು ಅವನ ಧಮ್ಮವೆಂಬ ಗ್ರಂಥವು 1957ರಲ್ಲಿ, ಅವರು ಕಾಲವಾದ ಮೇಲೆ, ಹೊರಬಂದಿತು. ಬುದ್ಧರಕ್ಖಿತರು 2013ರಲ್ಲಿ ತೀರಿಕೊಳ್ಳುವವರೆಗೂ ಗಾಂಧಿನಗರದ ವಿಹಾರವನ್ನು ನಡಸಿದರು. ಧಮ್ಮಪದವನ್ನು ಇಂಗ್ಲಿಷಿಗೆ ಅನುವಾದಿಸಿದರು. ಮೆತ್ತಾ, ಎಂದರೆ ಮೈತ್ರಿಭಾವನೆ, ಇದನ್ನು ಕುರಿತು ಅವರು ಬರೆದ ಸಣ್ಣ ಪುಸ್ತಕವನ್ನು ಸಿಂಹಳದ ಕ್ಯಾಂಡಿ ಪಟ್ಟಣದ ಬೌದ್ಧ ಪ್ರಕಟನ ಸಂಘವು ಅಚ್ಚು ಮಾಡಿತು. 1958ರಲ್ಲಿ ಹುಟ್ಟಿದ ಆ ಸಂಘದ ಕಿರುಹೊತ್ತಗೆಗಳು ವಿಹಾರವಿಲ್ಲದ ಊರುಗಳಲ್ಲಿ ಒಂಟಿಯಾಗಿದ್ದ ಎಷ್ಟೋ ಓದುಗರಿಗೆ ಅಂಚೆಯ ಮೂಲಕ ಗುರುವಾದುವು.

ಕನ್ನಡದಲ್ಲಿ ಓದಲು ಏನುಂಟೆಂದು ಕೇಳುವವರು ಜಿ. ಪಿ. ರಾಜರತ್ನಂ ಅವರ ಹೆಸರನ್ನು ಮರೆಯಬಾರದು. ರತ್ನನ ಪದಗಳಿಂದ ಅವರನ್ನು ಬಲ್ಲವರು ಬಹಳ; ಪಾಲಿಯನ್ನು ಕಲಿತು ಬೌದ್ಧಸಾಹಿತ್ಯವನ್ನು ಕನ್ನಡದ ಮನೆಗಳಿಗೆ ತಂದವರೆಂದು ಬಲ್ಲವರು ಅಷ್ಟಿಲ್ಲ. ಮಹಾಬೋಧಿ ಸಂಸ್ಥೆಯೂ ಪಾಲಿ ಗ್ರಂಥಗಳ ಕನ್ನಡ ಅನುವಾದಗಳನ್ನು ಪ್ರಕಟಿಸಿದೆ. ಮೂಲವನ್ನೇ ನೋಡಬೇಕೆಂಬವರಿಗೆ ತಿಪಿಟಕವು ಕನ್ನಡ ಲಿಪಿಯಲ್ಲಿಯೂ ಗಣಕಯಂತ್ರದ ಮೂಲಕ ಈಗ ದೊರೆಯುತ್ತದೆ. ಪಾಲಿಯೆಂದರೆ ಹೆದರಬೇಕಾಗಿಲ್ಲ. ಅಕ್ಷರವನ್ನು ಅಕ್ಕರವೆಂದೂ ಯಕ್ಷನನ್ನು ಜಕ್ಕನೆಂದೂ ಅಂದ ಹಳಗನ್ನಡದ ಕಿವಿಗೆ ಅಕ್ಖರ, ಯಕ್ಖ ಎಂಬವು ನೆಂಟರ ಮನೆಯ ಮಾತುಗಳೇ. ಸಂಸ್ಕೃತವನ್ನು ಸ್ವಲ್ಪ ಬಲ್ಲವರು ದಿನಕ್ಕೆ ಐದು ಸಾಲಿನಂತೆ ಹಿಡಿದರೆ ವರ್ಷದೊಳಗೆ ಧಮ್ಮಪದದ ಮೂಲವನ್ನು ತಡವರಿಸುತ್ತಲಾದರೂ ಓದಬಹುದು.

ದಿನಚರಿ ಹೇಗಿರಬೇಕು? ನೂರು ಜನ ನೂರು ಬಗೆಯಾಗಿ ಹೇಳಿಯಾರು. ನನಗೆ ಯುಕ್ತವಾಗಿ ತೋರುವುದನ್ನು ಬರೆಯುತ್ತೇನೆ. ಮೊದಲನೆಯದು ಪಂಚಶೀಲ: ಕೊಲ್ಲದಿರುವುದು, ಕದಿಯದಿರುವುದು, ಕಾಮದಲ್ಲಿ ತಪ್ಪಿ ನಡೆಯದಿರುವುದು, ಸುಳ್ಳಾಡದಿರುವುದು, ಮದ್ಯಾದಿಗಳನ್ನು ಮುಟ್ಟದಿರುವುದು. ಇದು ಬೆಳಗ್ಗೆ ಹೇಳಿ ಮುಗಿಸುವ ಮಂತ್ರವಲ್ಲ. ರಾತ್ರಿ ಮಲಗುವಾಗ ಒಂದು ಪುಸ್ತಕದಲ್ಲಿ ಎರಡು ಸಾಲು, ಇಂದು ಎಲ್ಲಿ ಜಾರಿತು, ಯಾವ ಸಂದರ್ಭದಲ್ಲಿ, ಎಂದು ಬರೆದಿಡುವುದು ಒಳ್ಳೆಯದು. ರಾಹುಲನ ಕನ್ನಡಿ ಇದೇ. ಒಂಟಿಯಾಗಿ ಅಭ್ಯಾಸಮಾಡುವವನಿಗೆ ತಪ್ಪು ತೋರಿಸುವವರಿಲ್ಲವಾದಕಾರಣ ಈ ಪುಸ್ತಕವೇ ಅವನಿಗೆ ಸಹಪಾಠಿ.

ಎರಡನೆಯದು ಓದು. ಹದಿನೈದು ದಿನಕ್ಕೆ ಒಂದೇ ಸುತ್ತವನ್ನು ಹಿಡಿದರೆ ಸಾಕು. ಮೊದಲ ದಿನ ಇಡಿಯಾಗಿ ಓದುವುದು, ಆಮೇಲೆ ತುಂಡುತುಂಡಾಗಿ, ಕೊನೆಗೆ ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ಬರೆಯುವುದು. ಗೃಹಸ್ಥರಿಗೆಂದೇ ಹೇಳಿದವುಗಳಿಂದ ಆರಂಭಿಸಬಹುದು. ತಂದೆತಾಯಿ, ಗುರುಶಿಷ್ಯ, ಗಂಡಹೆಂಡಿರು, ಆಳು ಒಡೆಯ ಇವರು ಪರಸ್ಪರ ನಡೆದುಕೊಳ್ಳತಕ್ಕ ರೀತಿಯನ್ನು ಹೇಳುವ ಸಿಗಾಲೋವಾದ. ದುಡಿಮೆ, ಗಳಿಸಿದುದರ ರಕ್ಷಣೆ, ಒಳ್ಳೆಯವರ ಸಹವಾಸ, ಆಯಕ್ಕೆ ತಕ್ಕ ವ್ಯಯ ಇವುಗಳನ್ನು ಕೋಲಿಯರ ದೀಘಜಾಣುವಿಗೆ ತಿಳಿಸಿದ ಸುತ್ತ. ಕೇಳಿದುದನ್ನೆಲ್ಲ ನಂಬಬೇಡಿರೆಂದು ಕಾಲಾಮರಿಗೆ ಹೇಳಿದ ಉಪದೇಶ. ಆನಾಪಾನ, ಸತಿಪಟ್ಠಾನ ಸುತ್ತಗಳು ಆಮೇಲೆ. ಮೊದಲಿಗೇ ಶೂನ್ಯತೆಯ ಗ್ರಂಥಗಳನ್ನು ಕೈಗೆತ್ತಿಕೊಳ್ಳುವವರನ್ನು ನಾನು ಬಲ್ಲೆ; ಮೂರು ತಿಂಗಳಲ್ಲಿ ಅವರು ಚೆನ್ನಾಗಿ ಮಾತನಾಡುತ್ತಾರೆ. ಈ ಅವಸರವೂ ಹಳೆಯದೇ. ಧಮ್ಮದಿನ್ನನೆಂಬ ಉಪಾಸಕನ ಬಳಗಕ್ಕೆ ಬುದ್ಧನು ಶೂನ್ಯತೆಯ ಗಂಭೀರ ಸುತ್ತಗಳನ್ನು ಅಭ್ಯಾಸಮಾಡಿರೆಂದಾಗ, ಮಕ್ಕಳು ತುಂಬಿದ ಮನೆಯಲ್ಲಿ ಗಂಧ ಪೂಸಿಕೊಂಡು ಬೆಳ್ಳಿಬಂಗಾರ ಮುಟ್ಟಿಕೊಂಡಿರುವ ನಮಗೆ ಅದು ಸುಲಭವಲ್ಲವೆಂದು ಅವರು ಪ್ರಾಮಾಣಿಕವಾಗಿ ಹೇಳಿ ಬೇರೆ ಪಾಠವನ್ನು ಬೇಡಿ ಪಡೆದರು.

ಮೂರನೆಯದು ಕುಳಿತು ಮಾಡುವ ಅಭ್ಯಾಸ. ಮನೆಯವರು ಏಳುವ ಮುಂಚೆ ಅರ್ಧ ಘಂಟೆ, ಅದೂ ಪ್ರತಿದಿನ ಒಂದೇ ಸ್ಥಳದಲ್ಲಿ. ಚಾಪೆ ಸಾಕು, ಮಂಡಿನೋವಿದ್ದವರಿಗೆ ಕುರ್ಚಿಯಾದರೂ ಸರಿ. ಬಂದು ಹೋಗುವ ಉಸಿರನ್ನು ಗಮನಿಸುವುದು. ಮನಸ್ಸು ಅಡಿಗೆಮನೆಗೋ ಬ್ಯಾಂಕಿಗೋ ಓಡಿದಾಗ ಬೇಸರಪಡದೆ ಕರೆತರುವುದು. ಐದನೆಯ ಶತಮಾನದಲ್ಲಿ ಅನುರಾಧಪುರದಲ್ಲಿ ಬುದ್ಧಘೋಷನು ಬರೆದ ವಿಸುದ್ಧಿಮಗ್ಗದಲ್ಲಿ ಧ್ಯಾನಕ್ಕೆ ನಲವತ್ತು ವಿಷಯಗಳನ್ನು ಎಣಿಸಿ, ಆರು ಬಗೆಯ ಸ್ವಭಾವದವರಿಗೆ ಯಾವುದು ಹಿತವೆಂಬುದನ್ನು ಹೇಳಿದೆ. ಸಿಡುಕಿನವರಿಗೆ ಮೈತ್ರಿ, ನೂರೆಂಟು ಯೋಚನೆಯವರಿಗೆ ಉಸಿರು. ಆಸೆ ಹೆಚ್ಚಿದವರಿಗೆ ಶರೀರದ ಅಶುಭವನ್ನು ನೆನೆಯುವ ಭಾವನೆಯನ್ನು ಹೇಳಿದೆಯಾದರೂ, ಬಳಿಯಲ್ಲಿ ಆಚಾರ್ಯನಿಲ್ಲದೆ ಒಂಟಿಯಾಗಿರುವವರು ಅದಕ್ಕೆ ಕೈಹಾಕದಿರುವುದೇ ಲೇಸು.

ತಿಂಗಳಿಗೆ ಎರಡು ದಿನವಾದರೂ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ, ಉಪೋಸಥ. ಅಂದು ಅಷ್ಟಶೀಲ: ಮಧ್ಯಾಹ್ನದ ಮೇಲೆ ಊಟವಿಲ್ಲ, ಹಾಡು ಕುಣಿತ ನೋಟಗಳಿಲ್ಲ, ಎತ್ತರದ ಮಂಚವಿಲ್ಲ, ಬ್ರಹ್ಮಚರ್ಯ. ನಮ್ಮ ಏಕಾದಶಿಯನ್ನೂ ಜೈನಶ್ರಾವಕರ ಪ್ರೋಷಧೋಪವಾಸವನ್ನೂ ಬಲ್ಲವರಿಗೆ ಇದು ವಿಚಿತ್ರವಾಗಿ ಕಾಣದು. ಇಂದಿನ ಕಾಲಕ್ಕೆ ನೋಟವೆಂದರೆ ಕೈಯಲ್ಲಿರುವ ದೂರವಾಣಿಯೇ. ಅಂದು ಅದನ್ನು ಬೀರುವಿನಲ್ಲಿಡುವುದು ಸಂಜೆಯ ಉಪವಾಸಕ್ಕಿಂತ ಕಷ್ಟವೆಂದು ಹಲವರು ಹೇಳುತ್ತಾರೆ.

ಹೀಗೆ ಮಾಡಿಕೊಂಡ ಕ್ರಮವು ಕದಲುವುದು ಮನೆಯ ಹೊಸ್ತಿಲನ್ನು ದಾಟಿದಾಗ. ಬನಶಂಕರಿಯ ಬಸ್ಸುನಿಲ್ದಾಣದಲ್ಲಿ ಸಂಜೆ ಆರು ಘಂಟೆಗೆ ನಿಂತವನಿಗೆ ಬೆಳಗಿನ ಅರ್ಧ ಘಂಟೆಯ ಶಾಂತಿ ಯಾವ ಜನ್ಮದ್ದೋ ಎನ್ನಿಸುವುದು. ಶಾಕ್ಯರ ಮಹಾನಾಮನ ಸಂಕಟವೂ ಇದೇ ಆಗಿದ್ದಿತು. ಭಿಕ್ಷುಗಳ ಸೇವೆಮಾಡಿ ಸಂಜೆ ಜನನಿಬಿಡವಾದ ಕಪಿಲವಸ್ತುವಿಗೆ ಹಿಂದಿರುಗುವಾಗ ಆನೆ, ಕುದುರೆ, ರಥ, ಗಾಡಿಗಳು ಎದುರಾಗಿ ಧರ್ಮದ ನೆನಪೇ ಹಾರಿಹೋಗುತ್ತದೆ; ಆ ಘಳಿಗೆಯಲ್ಲಿಯೇ ಸತ್ತರೆ ತನ್ನ ಗತಿಯೇನೆಂದು ಅವನು ಬುದ್ಧನನ್ನು ಕೇಳಿದನು. ತುಪ್ಪದ ಕೊಡವನ್ನು ಆಳವಾದ ನೀರಿನಲ್ಲಿ ಒಡೆದರೆ ಓಡುಗಳು ಮುಳುಗುತ್ತವೆ, ತುಪ್ಪ ಮೇಲಕ್ಕೆ ಬರುತ್ತದೆ. ಶ್ರದ್ಧೆ, ಶೀಲ, ಶ್ರುತ, ತ್ಯಾಗ, ಪ್ರಜ್ಞೆ ಇವುಗಳಿಂದ ಬಹುಕಾಲ ಪಳಗಿದ ಮನಸ್ಸೂ ಹಾಗೆಯೇ, ಹೆದರಬೇಡವೆಂದು ಉತ್ತರ ಬಂದಿತು. ಇದೇ ಮಹಾನಾಮನಿಗೆ ಮತ್ತೊಮ್ಮೆ, ನಡೆಯುವಾಗ, ನಿಂತಿರುವಾಗ, ಮಲಗಿರುವಾಗ, ಕೆಲಸಮಾಡುವಾಗ, ಮಕ್ಕಳು ತುಂಬಿದ ಮನೆಯಲ್ಲಿರುವಾಗ ಸಹ ಮಾಡತಕ್ಕ ಅನುಸ್ಮೃತಿಗಳನ್ನು ಹೇಳಿಕೊಟ್ಟುದುಂಟು.

ಆದರೆ ಪುಸ್ತಕವೊಂದೇ ಸಾಕೆ? ಸಾಲದು. ಒಳ್ಳೆಯ ಸ್ನೇಹವು ಬ್ರಹ್ಮಚರ್ಯದ ಅರ್ಧಭಾಗವೆಂದು ಆನಂದನು ಅಂದಾಗ, ಅರ್ಧವಲ್ಲ ಪೂರ್ತಿ ಎಂದು ಬುದ್ಧನು ತಿದ್ದಿದನು. ಮೇಘಿಯನೆಂಬ ಭಿಕ್ಷು ಸೊಗಸಾದ ಮಾವಿನ ತೋಪನ್ನು ಕಂಡು, ಗುರುವು ತಡೆದರೂ ಕೇಳದೆ ಒಂಟಿಯಾಗಿ ಧ್ಯಾನಕ್ಕೆ ಕುಳಿತನು. ಕಾಮ, ದ್ವೇಷ, ಹಿಂಸೆಯ ಯೋಚನೆಗಳೇ ನುಗ್ಗಿಬಂದು ಹಿಂದಿರುಗಬೇಕಾಯಿತು. ಆದಕಾರಣ ಮೊದಲು ಬಲ್ಲವರ ಬಳಿ ಕಲಿತು ಆಮೇಲೆ ಮನೆಯಲ್ಲಿ ಒಂಟಿಯಾಗಿ ಮುಂದುವರಿಸುವುದು ಕ್ಷೇಮ.

ಇದಕ್ಕೆ ಅನುಕೂಲವಾದ ಒಂದು ಪರಂಪರೆ ಬರ್ಮಾದಿಂದ ಬಂದಿದೆ. ಅದು ಗೃಹಸ್ಥರಿಂದ ಗೃಹಸ್ಥರಿಗೆ ಇಳಿದುಬಂದದ್ದೆಂಬುದು ಗಮನಿಸತಕ್ಕ ಸಂಗತಿ. ಲೇಡಿ ಸಯಾಡೊ (1846-1923) ಎಂಬ ಭಿಕ್ಷು ಧ್ಯಾನವನ್ನು ಸಾಮಾನ್ಯ ಜನರಿಗೆ ತೆರೆದಿಟ್ಟರು. ಅವರ ಶಿಷ್ಯ ಸಯಾ ತೆಟ್ಜಿ ಒಬ್ಬ ರೈತ. ಅವನ ಶಿಷ್ಯ ಊ ಬಾ ಖಿನ್ ಸರ್ಕಾರಿ ನೌಕರ. 1948ರಲ್ಲಿ ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆದವರು, ಲೆಕ್ಕದ ಕಚೇರಿಯ ನೌಕರರಿಗೂ ಧ್ಯಾನ ಕಲಿಸಿದವರು. ಅವರ ಶಿಷ್ಯ, ಮಂಡಾಲೆಯ ವ್ಯಾಪಾರಿ ಮನೆತನದ ಸತ್ಯನಾರಾಯಣ ಗೋಯೆಂಕಾ (1924-2013), 1969ರಲ್ಲಿ ಭಾರತಕ್ಕೆ ತಂದು ಪ್ರಚಾರಮಾಡಿದರು. ಬೆಂಗಳೂರಿನ ತುಮಕೂರು ದಾರಿಯ ಕಡೆ ಆಲೂರಿನಲ್ಲಿ ಈ ಪದ್ಧತಿಯ ಧಮ್ಮ ಪಫುಲ್ಲ ಎಂಬ ಕೇಂದ್ರವಿದೆ. ಹತ್ತು ದಿನದ ಶಿಬಿರ, ಬೆಳಗ್ಗೆ ನಾಲ್ಕಕ್ಕೆ ಘಂಟೆ, ಮೌನ. ಶುಲ್ಕವಿಲ್ಲ, ಮುಗಿಸಿದವರು ತೋಚಿದಷ್ಟು ದಾನ ಕೊಡಬಹುದು. ಅಲ್ಲಿಂದ ಮನೆಗೆ ಬಂದವರು ಬೆಳಗ್ಗೆ ಒಂದು ಘಂಟೆ, ಸಂಜೆ ಒಂದು ಘಂಟೆ ಕುಳಿತುಕೊಳ್ಳಬೇಕೆಂಬುದು ಗೋಯೆಂಕಾ ಅವರ ಸಲಹೆ. ಹತ್ತು ದಿನ ಸಾಧಿಸಿದವರು ಈ ಎರಡು ಘಂಟೆಗಳಲ್ಲಿ ಸೋಲುವುದುಂಟು.

ಟಿಬೆಟ್ಟಿನವರ ಕ್ರಮ ಬೇರೆ. 1960ರ ಸುಮಾರಿಗೆ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ನೆಲಸಿದ ಅವರಲ್ಲಿ ನ್ಗೊಂಡ್ರೊ ಎಂಬ ಪೂರ್ವಾಭ್ಯಾಸವುಂಟು. ಶರಣಾಗತಿಯೊಡನೆ ಸಾಷ್ಟಾಂಗ ನಮಸ್ಕಾರ ಒಂದು ಲಕ್ಷ, ವಜ್ರಸತ್ತ್ವನ ಶತಾಕ್ಷರ ಮಂತ್ರ ಒಂದು ಲಕ್ಷ, ಮಂಡಲದ ಅರ್ಪಣೆ ಒಂದು ಲಕ್ಷ, ಆಮೇಲೆ ಗುರುಯೋಗ. ಇದನ್ನು ಗೃಹಸ್ಥರೂ ಮಾಡುವರು. ದಿನಕ್ಕೆ ನೂರರಂತೆ ನಮಸ್ಕಾರ ಮಾಡಿದರೆ ಅದೊಂದಕ್ಕೇ ಎರಡು ವರ್ಷ ಒಂಬತ್ತು ತಿಂಗಳು ಹಿಡಿಯುವುದು. ಪುರಶ್ಚರಣವನ್ನು ಬಲ್ಲ ನಮ್ಮ ಮನೆಗಳಿಗೆ ಈ ಲೆಕ್ಕ ಅಪರಿಚಿತವಲ್ಲ. ಅಲ್ಲಿಯ ಹಾಗೆಯೇ ಇಲ್ಲಿಯೂ ಗುರುವಿನಿಂದ ಪಡೆಯದೆ ಪುಸ್ತಕ ನೋಡಿ ಆರಂಭಿಸತಕ್ಕದ್ದಲ್ಲ.

ಮನೆಯವರ ಮಾತು ಉಳಿಯಿತು. ವಿಸುದ್ಧಿಮಗ್ಗವು ಸಾಧಕನಿಗೆ ಹತ್ತು ತೊಡಕುಗಳನ್ನು ಹೇಳುತ್ತದೆ. ವಾಸದ ಮನೆ, ಕೆಲಸ, ಪ್ರಯಾಣ, ಬಂಧುಗಳು, ರೋಗ, ಕೊನೆಗೆ ಗ್ರಂಥಪಾಠ ಸಹ ಅದರಲ್ಲಿ ಸೇರಿವೆ. ಆ ಗ್ರಂಥವನ್ನು ನಾಗರೀಲಿಪಿಯಲ್ಲಿ 1940ರಲ್ಲಿ ಸಂಪಾದಿಸಿ ಪ್ರಕಟಿಸಿದವರು ನಮ್ಮ ನೆರೆಯ ಗೋವೆಯ ಧರ್ಮಾನಂದ ಕೋಸಂಬಿ (1876-1947). ಬಾಲಬೋಧವೆಂಬ ಮರಾಠಿ ಮಾಸಪತ್ರಿಕೆಯಲ್ಲಿ ಬುದ್ಧಚರಿತ್ರೆಯನ್ನು ಓದಿ ಅವರಿಗೆ ಈ ಹಂಬಲ ಹುಟ್ಟಿತು. 1899ರಲ್ಲಿ ಹೆಂಡ್ತಿಯನ್ನೂ ಹಸುಗೂಸನ್ನೂ ಊರಿನಲ್ಲಿ ಬಿಟ್ಟು ಕಾಶಿ, ನೇಪಾಳ, ಸಿಂಹಳ, ಬರ್ಮಾಗಳನ್ನು ಅಲೆದರು. ಆ ವಿದ್ಯೆಯ ಫಲವನ್ನು ದೇಶವೇ ಉಂಡಿತು, ನಿಜ. ಅವರು ಸಂಸಾರಕ್ಕೆ ಹಿಂದಿರುಗಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿ ಕಲಿಸಿದುದೂ ನಿಜ. ಆದರೆ ಆ ಹತ್ತಾರು ವರ್ಷಗಳ ಬೆಲೆಯಲ್ಲಿ ಒಂದು ಭಾಗವನ್ನು ತೆತ್ತವರು ಊರಿನಲ್ಲಿದ್ದ ಹೆಂಗಸು. ಇಂದು ಆಲೂರೂ ಗಾಂಧಿನಗರವೂ ಹತ್ತಿರವಿರುವಾಗ ಅಂಥ ಬೆಲೆಯನ್ನು ಯಾರಿಂದಲೂ ಕೊಡಿಸಬೇಕಾಗಿಲ್ಲ. ಹತ್ತು ದಿನದ ಶಿಬಿರಕ್ಕೆ ಹೋಗುವವನು ಮನೆಯಾಕೆಯನ್ನು ಕೇಳಿ ಹೋಗಲಿ. ಇನ್ನೊಮ್ಮೆ ಆಕೆ ಹೋಗುವಾಗ ಅಡಿಗೆಯ ಭಾರವನ್ನು ತಾನು ಹೊರಲಿ.

ಮತ್ತೊಂದು ಎಚ್ಚರ. ಮೊದಲೇ ಮನಸ್ಸಿನ ಬೇನೆಯಿದ್ದವರು, ಅಥವಾ ಅಭ್ಯಾಸದಲ್ಲಿ ತೊಡಗಿದ ಮೇಲೆ ನಿದ್ರೆ ತಪ್ಪಿ ಭಯವೋ ಭ್ರಮೆಯೋ ಹೆಚ್ಚಿದವರು, ಅದನ್ನು ಸಾಧನೆಯ ಲಕ್ಷಣವೆಂದು ಮುಚ್ಚಿಡಬಾರದು. ಧ್ಯಾನವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ದಕ್ಷಿಣ ಬೆಂಗಳೂರಿನವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವೇನಲ್ಲ. ಅಲ್ಲಿಗೆ ಹೋಗಲು ನಾಚುವ ಕಾಲ ಕಳೆದಿದೆ.

ಏಕಾಂತವೆಂದರೆ ಬಾಗಿಲು ಮುಚ್ಚುವುದೇ ಎಂಬುದನ್ನೂ ಬುದ್ಧನು ವಿಚಾರಿಸಿದ್ದಾನೆ. ಒಬ್ಬನೇ ಭಿಕ್ಷೆಗೆ ಹೋಗಿ ಒಬ್ಬನೇ ಕುಳಿತುಕೊಳ್ಳುತ್ತಿದ್ದ ಥೇರನೆಂಬ ಭಿಕ್ಷುವನ್ನು ಕರೆಸಿ, ಅದೂ ಏಕಾಂತವೇ ಸರಿ, ಆದರೆ ಕಳೆದುದನ್ನು ಬಿಟ್ಟು, ಬರುವುದನ್ನು ತೊರೆದು, ಈಗಿನದರಲ್ಲಿ ಆಸೆಯನ್ನು ಅಡಗಿಸಿರುವುದು ಅದಕ್ಕಿಂತ ಪೂರ್ಣವಾದದ್ದೆಂದು ತಿಳಿಸಿದನು. ಮಿಗಜಾಲನಿಗೆ ಹೇಳಿದ ಪ್ರಕಾರ ತೃಷ್ಣೆಯೇ ಎರಡನೆಯ ಜನ. ಅದಿದ್ದವನು ಕಾಡಿನಲ್ಲಿಯೂ ಒಂಟಿಯಲ್ಲ, ಅದನ್ನು ನೀಗಿದವನು ಜನ ತುಂಬಿದ ಊರಿನಲ್ಲಿಯೂ ಒಂಟಿ. ಜಯನಗರದ ಎರಡು ಕೋಣೆಯ ಮನೆಯಲ್ಲಿ ಐವರೊಡನೆ ವಾಸಿಸುವವನಿಗೆ ಇದರಿಂದ ಸ್ವಲ್ಪ ಧೈರ್ಯ ಬರಬಹುದು.

ಒಬ್ಬಂಟಿ ಓದುಗನು ತಿಂಗಳಿಗೊಮ್ಮೆಯಾದರೂ ಗಾಂಧಿನಗರಕ್ಕೆ ಹೋಗಿ ತನ್ನ ಪುಸ್ತಕದಲ್ಲಿ ಗುರುತಿಟ್ಟುಕೊಂಡ ಸಂದೇಹಗಳನ್ನು ಭಿಕ್ಷುಗಳಲ್ಲಿ ಕೇಳಿಬರುವುದು ಒಳ್ಳೆಯದು. ಹಿಂದೆ ಎರಡು ಬಸ್ಸು ಹಿಡಿಯಬೇಕಾಗಿದ್ದಿತು. 2017ರಿಂದ ಬನಶಂಕರಿಯಲ್ಲಿಯೋ ಜಯನಗರದಲ್ಲಿಯೋ ಮೆಟ್ರೋ ರೈಲನ್ನು ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿದರೆ ವಿಹಾರವು ಅಲ್ಲಿಂದ ಹತ್ತಿರ. ವೈಶಾಖದ ಹುಣ್ಣಿಮೆಯಂದು ಜನ ಹೆಚ್ಚು. ಮಾತನಾಡುವುದಕ್ಕೆ ಬೇರೆ ದಿನ ಮೇಲು.